ಮುಟ್ಟಿದ ಕಾಯಿ

ಹೆಡ್ಲಿ ಟ್ರೆಂಬಾತ್ ಆ ವರ್ಷವೆಲ್ಲ ಚದುರಂಗದ ಮಣೆಯನ್ನು ಒಮ್ಮೆಯೂ ನೇರವಾಗಿ ನೋಡಲಿಲ್ಲ. ತಲೆಯನ್ನು ಎಡಭುಜದ ಕಡೆಗೆ ವಾಲಿಸಿ, ಗದ್ದವನ್ನು ಕೋಟಿನ ಕಾಲರಿಗೆ ತಾಗಿಸಿ, ಹುಲ್ಲಿನಲ್ಲಿ ಹುಳು ಹುಡುಕುವ ಮ್ಯಾಗ್‌ಪೈ ಹಕ್ಕಿ ಒಂದೇ ಕಣ್ಣನ್ನು ನೆಲಕ್ಕೆ ಕೊಟ್ಟು ನಿಲ್ಲುತ್ತದಲ್ಲ, ಹಾಗೆ ಕೂತಿರುತ್ತಿದ್ದರು. ಎದುರಿಗೆ ಕೂತವರಿಗೆ ಮೈಯೆಲ್ಲ ಉರಿಯುತ್ತಿತ್ತು. "ನನ್ನ ಆಟ ನೆಟ್ಟಗೆ ನೋಡೋಕೂ ಲಾಯಕ್ಕಿಲ್ವಂತೆ ಆ ಮುದುಕನಿಗೆ" ಎಂದು ಔಷಧಿ ಅಂಗಡಿಯವನು ಸೋತು ಬಂದು ನನ್ನ ಹತ್ತಿರ ಗೊಣಗಿದ್ದುಂಟು. ಚದುರಂಗದವರಷ್ಟು ಸಂಶಯದ ಪ್ರಾಣಿಗಳು ಲೋಕದಲ್ಲಿಲ್ಲ. ಎದುರಾಳಿ ಕೆಮ್ಮಿದರೂ ಅದರಲ್ಲೊಂದು ಹೂಟ ಕಾಣುತ್ತೇವೆ. ಹೆಡ್ಲಿಯವರ ಕಣ್ಣಿನ ನಟ್ಟನಡುವಿನ ನೋಟವೇ ಮಾಸಿಹೋಗಿದೆ, ಅಂಚಿನಲ್ಲಷ್ಟೇ ಬೆಳಕು ಉಳಿದಿದೆ ಎಂಬುದು ಮಾತ್ರ ಇಷ್ಟು ಸಂಶಯಪಡುವ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಡಿಲೇಡಿನಿಂದಾಚೆ ಕಡಲಂಚಿನಲ್ಲಿರುವ ನಮ್ಮ ವಲ್ಲಾರೂ ಊರಿನ ಸುತ್ತಣ ಗೋಧಿಹೊಲಗಳ ಮಕ್ಕಳನ್ನು ಶಾಲೆಗೆ ಹೊತ್ತ ಬಸ್ಸನ್ನು ಹೆಡ್ಲಿ ತಮ್ಮ ಯೌವನದಿಂದ ನಿವೃತ್ತಿಯವರೆಗೂ ಓಡಿಸಿದವರು. ಬಸ್ಸು ಅವರನ್ನು ಬಿಟ್ಟರೂ ಅವರು ಬಸ್ಸನ್ನು ಬಿಟ್ಟಿರಲಿಲ್ಲ. ಮೆಟ್ಟಿಲನ್ನು ಇಂದಿಗೂ ಬಸ್ಸಿನಿಂದ ಇಳಿಯುವ ಹಾಗೆ ಅಡ್ಡಡ್ಡಲಾಗಿ, ಒಂದು ಕೈಯಿಂದ ಇಲ್ಲದ ಕಂಬಿಯನ್ನು ಹಿಡಿದುಕೊಂಡು ಇಳಿಯುತ್ತಾರೆ. ಕಾಯಿ ನಡೆಸುವ ಮುಂಚೆ ಕತ್ತನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗಿಸುತ್ತಾರೆ, ಕನ್ನಡಿಗಳಲ್ಲಿ ಹಿಂದಿನ ವಾಹನ ನೋಡುವವರಂತೆ. ಎಲ್ಲಕ್ಕಿಂತ ಚೆಂದದ್ದು ಅವರ ಬಲಗಾಲು. ಎದುರಾಳಿಯ ದಾಳಿ ಹತ್ತಿರ ಬಂದಂತೆಲ್ಲ ಮೇಜಿನ ಕೆಳಗೆ ಆ ಪಾದ ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತತೊಡಗುತ್ತದೆ, ಬ್ರೇಕು. ಅಪಾಯ ಕಳೆದರೆ ಮೆಲ್ಲಗೆ ಮೇಲೇಳುತ್ತದೆ. ನಮ್ಮ ಕ್ಲಬ್ಬಿನ ಅನುಭವಸ್ಥರು ಹೆಡ್ಲಿಯವರೆದುರು ಆಡುವಾಗ ಮಣೆಯನ್ನು ನೋಡಿದಷ್ಟೇ ಸಲ, ಬಿದ್ದ ಪೆನ್ಸಿಲು ಹುಡುಕುವ ನೆಪದಲ್ಲಿ, ಮೇಜಿನ ಕೆಳಗೂ ಬಗ್ಗಿ ನೋಡುತ್ತಿದ್ದರು.

ಕೋಟಿನ ಮಾತು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಮಗಳ ಮದುವೆಗೆಂದು ಹೊಲಿಸಿದ, ಮೊಣಕೈಗೆ ಚರ್ಮದ ತೇಪೆ ಹಾಕಿದ ಕಂದು ಕಾರ್ಡುರಾಯ್ ಕೋಟು ಅದು. ಬಯಲಿನ ಬಿಸಿಗಾಳಿಗೆ ನಾವೆಲ್ಲ ಚಡ್ಡಿ ಬನಿಯನ್ನಿನಲ್ಲಿ ಒದ್ದಾಡುವ ದಿನಗಳಲ್ಲೂ, ಪಂದ್ಯವೆಂದ ಮೇಲೆ ಆ ಕೋಟು ಬರಲೇಬೇಕು. ಅದರ ಜೇಬಿನಲ್ಲಿ ಪೆಪ್ಪರ್‌ಮಿಂಟು. ಕಾಗದ ಬಿಚ್ಚುವ ಸದ್ದಿನಿಂದ ಎದುರಾಳಿಯ ಏಕಾಗ್ರತೆ ಕೆಡಬಾರದೆಂದು ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಬರಿ ಮಿಠಾಯಿಯನ್ನೇ ಜೇಬಿಗೆ ಸುರಿದುಕೊಂಡು ಬರುತ್ತಿದ್ದರು. ಪರಿಣಾಮವಾಗಿ ಪ್ರತಿಯೊಂದು ಮಿಠಾಯಿಗೂ ಕೋಟಿನ ನೂಲು ಮೆತ್ತಿಕೊಂಡಿರುತ್ತಿತ್ತು. ಅದನ್ನು ಅವರು ಧಾರಾಳವಾಗಿ ಎಲ್ಲರಿಗೂ ನೀಡುತ್ತಿದ್ದರು, ನಾವು ಧಾರಾಳವಾಗಿ ಬೇಡವೆನ್ನುತ್ತಿದ್ದೆವು.

ಡ್ರಾ ಎಂಬುದನ್ನು ಅವರು ಜೀವಮಾನದಲ್ಲಿ ಕೇಳಿದವರಲ್ಲ, ಕೊಟ್ಟವರಲ್ಲ, ಒಪ್ಪಿದವರೂ ಅಲ್ಲ. ಸೋಲೊಪ್ಪಿ ಎದ್ದುಹೋಗುವ ಪದ್ಧತಿಯೂ ಅವರಿಗೆ ಸೇರದು. ರಾಜನೊಬ್ಬ, ಕಾಲಾಳೊಬ್ಬ ಉಳಿದಿದ್ದರೂ ಕೊನೆಯ ಚೆಕ್‌ಮೇಟ್ ಮಣೆಯ ಮೇಲೆ ಬೀಳುವವರೆಗೆ ಕೂತೇ ಇರುತ್ತಾರೆ. "ಹೇಗಿದ್ದೀರಿ ಹೆಡ್ಲಿ?" ಎಂದು ಬೀದಿಯಲ್ಲಿ ಕೇಳಿದರೂ ಅವರ ಉತ್ತರ ಒಂದೇ: "ಇನ್ನೂ ಮುಗಿದಿಲ್ಲ." ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ಮಂಪರಿನಿಂದ ಎಚ್ಚರವಾದಾಗಲೂ ದಾದಿಗೆ ಇದನ್ನೇ ಹೇಳಿದರೆಂದು ಅವರ ಹೆಂಡತಿ ಆವ್ರಿಲ್ ಹೇಳುವುದುಂಟು.

ಆದರೆ ಕ್ಲಬ್ಬಿನಲ್ಲಿ ಅವರು ಹೆಸರು ಮಾಡಿದ್ದು, ಹೆಸರು ಕೆಡಿಸಿಕೊಂಡದ್ದು ಎರಡೂ ಒಂದೇ ನಿಯಮದಿಂದ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ಮನೆಯ ನಡುವಿಗೆ ಸರಿಸಬೇಕಿದ್ದರೆ ಮುಟ್ಟುವ ಮುಂಚೆಯೇ "ಸರಿಮಾಡ್ತಿದ್ದೀನಿ" ಎಂದು ಹೇಳಿರಬೇಕು. ಎಲ್ಲ ಕ್ಲಬ್ಬುಗಳಲ್ಲೂ ಇರುವ ನಿಯಮವೇ. ಸ್ನೇಹದ ಆಟಗಳಲ್ಲಿ ನಾವೆಲ್ಲ ಅದನ್ನು ನಯವಾಗಿ ಮರೆಯುತ್ತೇವೆ. ಹೆಡ್ಲಿ ಮರೆಯುತ್ತಿರಲಿಲ್ಲ. ಶೋನಾ ಪಾಸ್ಕೋ ಕ್ಲಬ್ಬಿಗೆ ಹೊಸದಾಗಿ ಬಂದ ದಿನಗಳಲ್ಲಿ, ಹೆಡ್ಲಿಯವರೆದುರು ಗೆಲ್ಲುವ ಆಟದಲ್ಲಿ ತನ್ನ ರಾಣಿಯ ನೆತ್ತಿಗೆ ಬೆರಳು ತಾಗಿಸಿ, ಬೆಚ್ಚಿ, ಕೈ ಹಿಂದಕ್ಕೆಳೆದುಕೊಂಡಿದ್ದಳು. ಕೊಯ್ಲಿನ ಕಾಲದಲ್ಲಿ ಧಾನ್ಯದ ಉಗ್ರಾಣದಲ್ಲಿ ಗೋಧಿಯ ಮಾದರಿ ಪರೀಕ್ಷಿಸುವ, ಲಾರಿ ಚಾಲಕರ ಮಾತಿಗೆ ಎದುರುಮಾತು ಕೊಡುವ ಗಟ್ಟಿಗಿತ್ತಿ ಅವಳು. ಚಿಕ್ಕಂದಿನಲ್ಲಿ ಇದೇ ಹೆಡ್ಲಿಯವರ ಬಸ್ಸಿನ ಹಿಂಬದಿ ಸೀಟಿನಲ್ಲಿ ಶಾಲೆಗೆ ಹೋದವಳು.

"ಮುಟ್ಟಿದ್ದೀಯ ಮಗು. ನಡೆಸು" ಎಂದರು ಹೆಡ್ಲಿ.

"ತಾಗಿತು ಅಷ್ಟೇ, ಡ್ರೈವರ್ರೇ."

"ತಾಗೋದಕ್ಕೂ ಮುಟ್ಟೋದಕ್ಕೂ ರಾಣಿಗೆ ವ್ಯತ್ಯಾಸ ಗೊತ್ತಾಗಲ್ಲ. ನಡೆಸು."

ನಡೆಸಿದಳು, ಸೋತಳು, ಬಾಗಿಲನ್ನು ಗೋಡೆ ನಡುಗುವಂತೆ ಎಳೆದುಕೊಂಡು ಹೋದಳು. ಇನ್ನು ಬರಲಾರಳೆಂದು ನಾವು ಹೆಡ್ಲಿಯವರನ್ನು ತರಾಟೆಗೆ ತೆಗೆದುಕೊಂಡೆವು. "ಬರ್ತಾಳೆ. ಸಿಟ್ಟು ಬಂದವರು ಬರ್ತಾರೆ, ಬೇಜಾರು ಬಂದವರು ಬರಲ್ಲ" ಎಂದರು ಅವರು, ಮಿಠಾಯಿಯ ನೂಲು ಬಿಡಿಸುತ್ತ. ಕ್ಲಬ್ಬು ಸೇರುವ ಮುಂದಿನ ಮಂಗಳವಾರ ರಾತ್ರಿಯೇ ಶೋನಾ ಬಂದಳು. ಅವರನ್ನು ಸೋಲಿಸುವ ಒಂದೇ ಹಟದಿಂದ ಆಟ ಕಲಿತು, ಕೆಲವೇ ವರ್ಷಗಳಲ್ಲಿ ನಮ್ಮ ಊರಿನ ಗಟ್ಟಿ ಆಟಗಾರರಲ್ಲಿ ಒಬ್ಬಳಾದಳು.

ಕಡಲಿಗೆ ಬೆನ್ನುಮಾಡಿದ ಹಳೆಯ ಸಭಾಭವನದ ಹಿಂದಿನ ಕೋಣೆಯೇ ನಮ್ಮ ಕ್ಲಬ್ಬು. ಅಲ್ಲಿ ಗೋಡೆಯ ಮೇಲೆ ಕೆಂಪುಮರದ ಗೌರವ ಫಲಕವೊಂದಿದೆ. ವರ್ಷವರ್ಷದ ಚಾಂಪಿಯನ್ನರ ಹೆಸರು ಬಂಗಾರದ ಬಣ್ಣದಲ್ಲಿ. ಫಲಕ ಮಾಡಿಸಬೇಕೆಂದು ಓಡಾಡಿ ಮರ ತಂದವರು ಹೆಡ್ಲಿ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಉಜ್ಜುವವರು ಹೆಡ್ಲಿ, ಮತ್ತೆ ಮತ್ತೆ ಎರಡನೆಯ ಸ್ಥಾನಕ್ಕೆ ನಿಂತು ಅದರ ಮೇಲೆ ಒಮ್ಮೆಯೂ ಹೆಸರು ಬರೆಸಿಕೊಳ್ಳದವರೂ ಹೆಡ್ಲಿಯೇ. ಎರಡನೆಯವರ ಹೆಸರನ್ನು ಬರೆಯುವ ಫಲಕವನ್ನು ಲೋಕದಲ್ಲಿ ಯಾರೂ ಇನ್ನೂ ಮಾಡಿಸಿದಂತಿಲ್ಲ.

ಆ ವರ್ಷ ಅದೃಷ್ಟ ಅವರ ಕಡೆ ವಾಲಿತು. ನಮ್ಮಲ್ಲಿ ಪಂದ್ಯಾವಳಿ ಗೋಧಿ ಕೊಯ್ಲಿಗೆ ಮುಂಚೆ ಮುಗಿಯಲೇಬೇಕು, ಕೊಯ್ಲು ಶುರುವಾದರೆ ಅರ್ಧ ಕ್ಲಬ್ಬು ಹೊಲದಲ್ಲಿರುತ್ತದೆ. ಕೊನೆಯ ಸುತ್ತಿಗೆ ಉಳಿದ ಆಟ ಹೆಡ್ಲಿ ಮತ್ತು ಶೋನಾ ನಡುವಿನದು. ಹೆಡ್ಲಿ ಅರ್ಧ ಅಂಕ ಮುಂದಿದ್ದರು. ಡ್ರಾ ಆದರೂ ಫಲಕ ಅವರದು; ಶೋನಾ ಗೆದ್ದರೆ ಮಾತ್ರ ಅವಳದು. ಆಟವನ್ನು ಭಾನುವಾರ ಮಧ್ಯಾಹ್ನ ಇಡಿ ಎಂದು ಹೆಡ್ಲಿ ಪಟ್ಟು ಹಿಡಿದರು. ಯಾಕೆಂದು ನಮಗೆ ತಿಳಿಯಲಿಲ್ಲ. ಬೇಗನೆ ಸೋತು ಹೊರಬಿದ್ದಿದ್ದ ನನ್ನನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದ್ದರು, ಹಾಗಾಗಿ ಆ ವಾರ ಆವ್ರಿಲ್ ನನ್ನನ್ನು ಅಂಗಡಿ ಬೀದಿಯಲ್ಲಿ ತಡೆದು ನಿಲ್ಲಿಸಿದಳು.

"ಸಂಧಿವಾತ ಗಿಂಧಿವಾತ ಏನೂ ಇಲ್ಲ ಅವರಿಗೆ" ಎಂದಳು. "ಕಾರು ಓಡಿಸೋದು ಬಿಟ್ಟಿದ್ದು ಕಾಲಿಗಾಗಿ ಅಂತ ಊರಿಗೆಲ್ಲ ಸುಳ್ಳು ಹೇಳಿದ್ದಾರೆ. ಕಣ್ಣು ಹೋಗ್ತಾ ಇದೆ. ಮುಂದಿನ ವರ್ಷಕ್ಕೆ ಕಾಯಿ ಕಾಣೋದು ಅನುಮಾನ ಅಂದ್ರು ಅಡಿಲೇಡಿನ ಡಾಕ್ಟ್ರು. ನನ್ನ ಹೆಸರು ಆ ಫಲಕದ ಮೇಲೆ ಬಂದರೆ ನಾನೇ ಓದಬೇಕು, ಇನ್ನೊಬ್ಬರು ಓದಿ ಹೇಳೋದಲ್ಲ ಅಂತ ಕೂತಿದ್ದಾರೆ. ಹಗಲಲ್ಲಾದ್ರೆ ಒಂದಿಷ್ಟು ಕಾಣುತ್ತೆ."

ಕಣ್ಣು ಕಾಣದವರಿಗೆಂದೇ ತೂತಿನ ಮಣೆ ಬರುತ್ತದೆ, ಕಾಯಿಗಳನ್ನು ತಡವಿ ಆಡಬಹುದು, ನಿಯಮವೇ ಒಪ್ಪುತ್ತದೆ ಎಂದೆ.

"ಹೇಳಿ ನೋಡಿದೆ. ನಾನು ನೋಡಿ ಆಡೋನು, ತಡವಿ ಆಡೋನಲ್ಲ ಅಂದ್ರು. ಆಮೇಲೆ ರಾತ್ರಿ ಊಟವನ್ನೇ ಮಾಡ್ಲಿಲ್ಲ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ, ನನ್ನನ್ನ ಮನೆಗೆ ಸೇರಿಸಲ್ಲ."

ಭಾನುವಾರ ಬಂತು. ಕ್ಲಬ್ಬಿನವರು ಗೋಡೆಗೊರಗಿ ನಿಂತಿದ್ದರು. ಹಿಟ್ಟಿನೊಳಗೆ ಮಾಂಸ, ಆಲೂಗೆಡ್ಡೆ ತುಂಬಿ ಆವ್ರಿಲ್ ಬೇಯಿಸಿ ತಂದ ಪೇಸ್ಟಿಗಳು ಬಟ್ಟೆ ಮುಚ್ಚಿ ಹಿಂದಿನ ಮೇಜಿನ ಮೇಲಿದ್ದವು; ಆಟ ಮುಗಿಯದೆ ಯಾರೂ ಮುಟ್ಟುವಂತಿಲ್ಲ. ಕೋಟು ತೊಟ್ಟ ಹೆಡ್ಲಿ ಬಿಳಿಕಾಯಿಗಳ ಹಿಂದೆ ಕೂತರು.

"ಬ್ರೇಕು ಸರಿಯಾಗಿದೆಯಾ ಡ್ರೈವರ್ರೇ?" ಎಂದಳು ಶೋನಾ.

"ನೀನು ಸೀಟಲ್ಲಿ ಕೂತ್ಕೊ ಮೊದಲು. ಚಿಕ್ಕಂದಿನಲ್ಲೂ ನಿನ್ನದು ಇದೇ ಗೋಳು."

ಮೊದಲಿಗೆ ಆಟ ಸಮಸಮವಾಗಿ ನಡೆಯಿತು. ಹೆಡ್ಲಿ ತಲೆ ವಾಲಿಸಿ, ಕಣ್ಣಂಚಿನಲ್ಲಿ ಒಂದೊಂದೇ ಮನೆಯನ್ನು ಹೆಕ್ಕಿ ಹೆಕ್ಕಿ ನೋಡಿ, ಮನಸ್ಸಿನೊಳಗೆ ಇಡೀ ಮಣೆಯನ್ನು ಮತ್ತೆ ಜೋಡಿಸಿಕೊಂಡು ಆಡುತ್ತಿದ್ದರು. ಎಂಥ ದುಡಿಮೆ ಅದು ಎಂಬುದು ಆ ಕೋಣೆಯಲ್ಲಿ ನನಗೂ ಆವ್ರಿಲ್‌ಗೂ ಮಾತ್ರ ಗೊತ್ತಿತ್ತು. ಹೊತ್ತು ಇಳಿಯುತ್ತಿದ್ದಂತೆ ಪಶ್ಚಿಮದ ಕಿಟಕಿಯಿಂದ ಕಡಲ ನೀರಿನ ಹೊಳಪು ಒಳಗೆ ನುಗ್ಗಿ ಮೇಜಿನ ಮೇಲೆ ಹರಡಿತು. ಹಗಲು ಬೇಕೆಂದು ಕೇಳಿಕೊಂಡ ಮನುಷ್ಯ ಇಳಿಹಗಲಿನ ಈ ಝಳವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪರದೆ ಎಳೆಯಲು ನಾನು ಎದ್ದೆ.

"ಬಿಡಿ" ಎಂದರು ಹೆಡ್ಲಿ. "ಇಬ್ಬರಿಗೂ ಒಂದೇ ಬಿಸಿಲು."

ಆಗಲೇ ಶೋನಾ ಎಡವಿದಳು. ಅವಸರದಲ್ಲಿ ಅವಳ ಕುದುರೆ ಕಾವಲಿಲ್ಲದ ಮನೆಗೆ ಹೋಗಿ ನಿಂತಿತು. ಹೆಡ್ಲಿಯವರ ಒಂಟೆಯ ದಾರಿಯಲ್ಲಿ, ಹೊಡೆಸಿಕೊಳ್ಳಲು ಸಿದ್ಧವಾಗಿ. ನಾನು ಕೂತಲ್ಲಿಂದಲೇ ಮೇಜಿನ ಕೆಳಗೆ ನೋಡಿದೆ. ಆ ಬಲಪಾದ ನೆಲದಿಂದ ಮೆಲ್ಲಗೆ ಮೇಲೆದ್ದಿತು. ಕಂಡಿತ್ತು ಅವರಿಗೆ. ಕುದುರೆ ಹೋದರೆ ಶೋನಾಳ ಆಟ ಹೋದಂತೆ, ಹೆಡ್ಲಿಗೆ ಆಟ ಬಂದರೆ ಫಲಕ ಬಂದಂತೆ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿ ಹೆಡ್ಲಿ ಕೈ ಮುಂದಕ್ಕೆ ಚಾಚಿದರು. ಹೊಳಪಿನಲ್ಲಿ ಕರಗಿದ ಬಿಳಿ ಕಾಯಿಗಳ ನಡುವೆ ಆ ಬೆರಳುಗಳು ಒಂದು ಗಳಿಗೆ ತಡವರಿಸಿ ಇಳಿದವು, ಇಳಿದು ಒಂಟೆಯ ಪಕ್ಕದಲ್ಲಿ ರಾಜನಿಗೆ ಮರೆಯಾಗಿ ನಿಂತಿದ್ದ ಕಾಲಾಳಿನ ತಲೆಯನ್ನು ಹಿಡಿದವು.

ಹಿಡಿದ ಕ್ಷಣವೇ, ಇದು ಒಂಟೆಯಲ್ಲವೆಂದು ಬೆರಳಿಗೆ ಗೊತ್ತಾಯಿತು. ಮೇಲೆದ್ದಿದ್ದ ಪಾದ ಮತ್ತೆ ನೆಲವನ್ನು ಒತ್ತಿತು. ದೂರು ಬಂದ ಹೊರತು ತೀರ್ಪುಗಾರ ಬಾಯಿ ಹಾಕಬಾರದೆಂಬುದು ನಮ್ಮ ಕ್ಲಬ್ಬಿನ ವಾಡಿಕೆ. ಆ ವಾಡಿಕೆಗೆ ನಾನು ಅಂದು ಮನಸ್ಸಿನಲ್ಲೇ ಕೈಮುಗಿದೆ. ಶೋನಾ ಅವರ ಬೆರಳನ್ನು ನೋಡಿದಳು, ವಾಲಿದ ಕತ್ತನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಇಡೀ ವರ್ಷ ನಮಗೆ ಹೊಳೆಯದ್ದು ಅವಳಿಗೆ ಆ ಒಂದು ನೋಟದಲ್ಲಿ ಹೊಳೆದಿತ್ತು.

"ಆ ಕಾಯಿ ಸ್ವಲ್ಪ ಓರೆಯಾಗಿತ್ತು" ಎಂದಳು, ಎಂದಿಲ್ಲದ ಮೆದುದನಿಯಲ್ಲಿ. "ಸರಿಮಾಡೋಕೆ ಹೋದ್ರಿ, ಅಲ್ವಾ?"

"ಸರಿಮಾಡೋನು ಮುಟ್ಟೋ ಮುಂಚೆ ಹೇಳಬೇಕು. ನಾನು ಹೇಳಿದ್ನಾ?"

"ಹೇಳಿರಬೇಕು. ನನಗೆ ಕೇಳಿಸಲಿಲ್ಲ ಅಷ್ಟೇ."

"ಹೇಳಿದ್ರೆ ತಾನೇ ಕೇಳಿಸೋದು" ಎಂದವರೇ ಹೆಡ್ಲಿ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿ ಗಡಿಯಾರದ ಗುಂಡಿ ಒತ್ತಿದರು. ರಾಜನ ಮನೆಯ ಬಾಗಿಲು ತಮ್ಮ ಕೈಯಾರೆ ತೆರೆದಂತಾಯಿತು.

ಶೋನಾ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದೇ ಕುದುರೆಯನ್ನು ತೆರೆದ ಬಾಗಿಲೊಳಗೆ ಹಾರಿಸಿ, ಗಡಿಯಾರ ಒತ್ತದೆ, ಕೈ ಕಟ್ಟಿ ಕೂತಳು. "ಡ್ರಾ ಮಾಡ್ಕೊಳ್ಳೋಣ ಡ್ರೈವರ್ರೇ."

ಗೋಡೆಗೊರಗಿದ್ದವರೆಲ್ಲ ನೆಟ್ಟಗೆ ನಿಂತರು. ಹೂಂ ಎಂದರೆ ಸಾಕು, ಹೆಡ್ಲಿ ಟ್ರೆಂಬಾತ್ ಚಾಂಪಿಯನ್.

"ಈಗ ಆಟ ಯಾರ ಕಡೆ ಇದೆ?" ಎಂದು ಕೇಳಿದರು ಹೆಡ್ಲಿ.

"ನನ್ನ ಕಡೆ."

"ಸುಳ್ಳು ಹೇಳಲಿಲ್ಲವಲ್ಲ, ಸಂತೋಷ. ಗೆಲ್ಲೋ ಆಟ ಯಾಕೆ ಬಿಟ್ಟುಕೊಡ್ತೀಯ?"

"ಒಂದು ಸಲ ಹಟ ಬಿಡಿ. ಆ ಫಲಕದ ಮೇಲೆ ನಿಮ್ಮ ಹೆಸರು ಬರುತ್ತೆ. ನೀವೇ ಓದಬಹುದು."

ಕೊನೆಯ ಮಾತಿಗೆ ಅವರು ಬೆಚ್ಚಿದ್ದು ಕಾಣಿಸಿತು. ಆವ್ರಿಲ್ ಕಡೆ ತಿರುಗಿದರು, ಆವ್ರಿಲ್ ತಾನಲ್ಲವೆಂದು ತಲೆಯಾಡಿಸಿದಳು. ಅವಳು ಹೇಳಿದ್ದು ನನಗೆ, ಶೋನಾಗಲ್ಲ; ಅಷ್ಟರಮಟ್ಟಿಗೆ ಅದು ನಿಜವೇ.

"ಓದಬಹುದು" ಎಂದರು ನಿಧಾನವಾಗಿ. "ಆದರೆ ಅದು ನಾನು ಗೆದ್ದ ಹೆಸರಾಗಲ್ಲ ಮಗು, ನೀನು ಬರೆಸಿಕೊಟ್ಟ ಹೆಸರಾಗುತ್ತೆ. ಪ್ರತಿಸಲ ಓದಿದಾಗಲೂ ಈ ಕಾಲಾಳು ನೆನಪಿಗೆ ಬರುತ್ತೆ. ಒತ್ತು ಗುಂಡಿ. ಬಸ್ಸು ಇನ್ನೂ ನಿಂತಿಲ್ಲ, ಆಗಲೇ ಸೀಟಿಂದ ಏಳಬೇಡ."

ನನಗೆ ಸಿಟ್ಟು ಬಂತು. ಇಂಥ ಮನುಷ್ಯರ ಮೇಲೆ ಪ್ರೀತಿಯೂ ಸಿಟ್ಟೂ ಬೇರೆ ಬೇರೆಯಾಗಿ ಬರುವುದಿಲ್ಲ. ಶೋನಾಳ ಕಣ್ಣಲ್ಲಿ ನೀರಿತ್ತು; ಆದರೂ ಗುಂಡಿ ಒತ್ತಿದಳು.

ಅಲ್ಲಿಂದ ಮುಂದೆ ಹೆಡ್ಲಿ ಆಡಿದ ಆಟವನ್ನು ನಮ್ಮೂರಿನಲ್ಲಿ ಈಗಲೂ ಆಡಿ ತೋರಿಸುತ್ತಾರೆ. ಸೋತ ಆಟವನ್ನು ಅಷ್ಟು ಚೆನ್ನಾಗಿ ಆಡಿದವರನ್ನು ನಾನು ಬೇರೆ ಕಂಡಿಲ್ಲ. ರಾಜನನ್ನು ಬಯಲಿಗೆ ಬಿಟ್ಟು ಮಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆಸಿದರು, ಉಳಿದ ಒಂಟೆಯಿಂದ ಎರಡು ಕೆಲಸ ಮಾಡಿಸಿದರು, ಗೆದ್ದೆನೆಂದು ಕೂತ ಶೋನಾಳ ಕತ್ತು ಕೆಂಪೇರುವಂತೆ ಮಾಡಿದರು. ಅವರ ಪಾದ ಮೇಜಿನ ಕೆಳಗೆ ನೆಲವನ್ನು ತೂತು ಮಾಡುವಂತೆ ಒತ್ತಿಕೊಂಡಿತ್ತು. ಈ ಆಟ ಉಳಿದೇಬಿಡುತ್ತದೇನೋ ಎಂದು ಒಂದು ಹಂತದಲ್ಲಿ ನಮಗೆ ಅನ್ನಿಸಿದ್ದೂ ಹೌದು. ಉಳಿಯಲಿಲ್ಲ. ಬಿಸಿಲು ಮೇಜಿನಿಂದ ಇಳಿದು ಗೋಡೆ ಹತ್ತಿದ ಹೊತ್ತಿಗೆ ಶೋನಾ ಆನೆಯನ್ನು ಕೊನೆಯ ಸಾಲಿಗೆ ತಂದು "ಚೆಕ್‌ಮೇಟ್" ಎಂದು, ಕೇಳಿಯೂ ಕೇಳದಷ್ಟು ಮೆಲ್ಲಗೆ ಹೇಳಿದಳು.

ಹೆಡ್ಲಿ ಒಪ್ಪಲು ಅವಸರಪಡಲಿಲ್ಲ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ರಾಜನ ಸುತ್ತಣ ಒಂದೊಂದು ಮನೆಯನ್ನೂ ಪರೀಕ್ಷೆ ಮಾಡಿದರು. ಆಮೇಲೆ ಕೈಕುಲುಕಲು ಕೈ ಚಾಚಿದರು. ಕೈ ಶೋನಾಳ ಕೈಗಿಂತ ಒಂದು ಗೇಣು ಆಚೆಗೆ ಹೋಯಿತು. ಅವಳು ಅದನ್ನು ಹಿಡಿದುಕೊಂಡಳು. ಕೋಣೆಗೆಲ್ಲ ಅರ್ಥವಾದದ್ದು ಆಗ.

"ಚೆನ್ನಾಗಿ ಆಡಿದೆ. ಆ ಕುದುರೆ ಬಿಟ್ಟದ್ದು ಮಾತ್ರ ತಪ್ಪು. ನಾನು ನೋಡಿದ್ದೆ."

"ನೋಡಿದ್ರಿ ಅಂತ ನನಗೂ ಗೊತ್ತಾಯ್ತು. ನಿಮ್ಮ ಕಾಲು ಬ್ರೇಕಿಂದ ಎದ್ದಿತ್ತು."

ಹೆಡ್ಲಿ ಗಟ್ಟಿಯಾಗಿ ನಕ್ಕರು. ನಗು ನಿಂತ ಮೇಲೆ ನಮ್ಮೆಲ್ಲರ ಕಡೆ ತಿರುಗಿ, "ಕಣ್ಣು ಹೋಗ್ತಾ ಇದೆ. ಸಂಧಿವಾತ ಅಲ್ಲ. ಪೇಸ್ಟಿ ತಣ್ಣಗಾಗ್ತಿದೆ, ತಿನ್ನಿ" ಎಂದರು. ನಾವೆಲ್ಲ ಬಟ್ಟೆ ಸರಿಸಿ ಒಂದೊಂದು ಎತ್ತಿಕೊಂಡು ತಿಂದೆವು. ಆವ್ರಿಲ್ ಗಂಡನ ಪೇಸ್ಟಿಗೆ ಟೊಮೆಟೊ ಸಾಸ್ ಸುರಿದು, ಯಾರಿಗೂ ಕಾಣದಂತೆ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

ಅಲ್ಲಿಗೆ ಅವರ ಚದುರಂಗ ಮುಗಿಯಿತೆಂದು ನಾವು ತಿಳಿದೆವು. ಕೊಯ್ಲು ಕಳೆದು ವಾರ್ಷಿಕ ಸಭೆ ಸೇರಿದಾಗ ಹೆಡ್ಲಿ ಕೋಟು ತೊಟ್ಟು, ಕಂಕುಳಲ್ಲಿ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಬಂದರು. ಎದ್ದು ನಿಂತು, ತಮ್ಮದೊಂದು ಸೂಚನೆಯಿದೆಯೆಂದರು. ಇನ್ನು ಮುಂದೆ ಗೌರವ ಫಲಕದ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುವುದು ಬೇಡ, ಹೆಸರುಗಳನ್ನು ಮರದಲ್ಲಿ ಆಳವಾಗಿ ಕೆತ್ತಿಸಬೇಕು.

"ಯಾಕ್ರೀ ಹೆಡ್ಲಿ, ಬಣ್ಣಕ್ಕೇನಾಗಿದೆ?" ಎಂದ ಔಷಧಿ ಅಂಗಡಿಯವನು.

"ಬಣ್ಣಕ್ಕೇನೂ ಆಗಿಲ್ಲ. ಬೆರಳಿಗೆ ಸಿಗಲ್ಲ, ಅಷ್ಟೇ. ಮುಂದಿನ ವರ್ಷ ನನ್ನ ಹೆಸರು ನಾನೇ ಓದಬೇಕಲ್ಲ."

ಕೈ ಎತ್ತಿದವಳು ಶೋನಾ. "ನನ್ನ ಅನುಮೋದನೆ ಇದೆ. ಆದ್ರೆ ಮುಂದಿನ ವರ್ಷದ ಮಾತು ನನ್ನನ್ನ ಸೋಲಿಸಿದ ಮೇಲೆ ಆಡಿ."

ಹಾಗಾಗಿ ಫಲಕದ ಮೇಲೆ ಮೊದಲು ಕೆತ್ತಿದ ಹೆಸರು ಶೋನಾ ಪಾಸ್ಕೋಳದು. ಅದನ್ನು ಮತ್ತೆ ಗೋಡೆಗೆ ತೂಗುಹಾಕಿದ ದಿನ ಹೆಡ್ಲಿ ತೋರುಬೆರಳಿನಿಂದ ಅಕ್ಷರ ಅಕ್ಷರವಾಗಿ ಓದಿ ಸರಿಯಾಗಿದೆಯೆಂದರು. ಬೆರಳು ಅಲ್ಲೇ ನಿಲ್ಲಲಿಲ್ಲ. ಕೆಳಗಿನ ನುಣುಪಾದ, ಬರಿಯ ಮರಕ್ಕೆ ಇಳಿದು ಆ ಜಾಗವನ್ನೊಮ್ಮೆ ಸವರಿ ಬಂತು. ಆಮೇಲೆ ಕೂತು, ಸಭೆಯಲ್ಲಿ ಬಿಚ್ಚದೆ ಇಟ್ಟುಕೊಂಡಿದ್ದ ಆ ಪೆಟ್ಟಿಗೆಯನ್ನು ಬಿಚ್ಚಿದರು. ಒಂದು ಕಾಲಕ್ಕೆ ಊಟ ಬಿಡುವಷ್ಟು ಅವಮಾನವೆನಿಸಿದ್ದ ಅದೇ ತೂತಿನ ಮಣೆ. ಪ್ರತಿ ಮನೆಯ ನಡುವೆ ರಂಧ್ರ, ಪ್ರತಿ ಕಾಯಿಯ ಬುಡದಲ್ಲಿ ಗೂಟ, ಕರಿಕಾಯಿಗಳ ನೆತ್ತಿಯಲ್ಲಿ ಬೆರಳಿಗೆ ಗುರುತು ಸಿಗಲೊಂದು ಮೊಳೆ. ಎದುರಿಗೆ ಶೋನಾ ತನ್ನ ಮಾಮೂಲಿ ಮಣೆ ಇಟ್ಟುಕೊಂಡು ಕೂತಳು. ಇಬ್ಬರೂ ನಡೆಗಳನ್ನು ಬಾಯಲ್ಲಿ ಹೇಳುತ್ತ ಆಡಿದರು. ಹೆಡ್ಲಿಯವರ ಹತ್ತೂ ಬೆರಳು ಕಾಯಿಗಳ ಮೇಲೆ ಓಡಾಡುತ್ತಿದ್ದವು. ತಲೆ ಈಗ ವಾಲಿರಲಿಲ್ಲ, ನೆಟ್ಟಗಿತ್ತು.

"ಡ್ರೈವರ್ರೇ, ಆಗಿನಿಂದ ನನ್ನ ರಾಣೀನ ಮುಟ್ತಾನೇ ಇದ್ದೀರಿ. ಮುಟ್ಟಿದ್ರೆ ಹೊಡೀಲೇಬೇಕು."

"ಈ ಮಣೇಲಿ ತೂತಿನಿಂದ ಎತ್ತಿದ್ರೆ ಮಾತ್ರ ಮುಟ್ಟಿದ ಲೆಕ್ಕ. ನಿಯಮ ಓದ್ಕೊಂಡು ಬಾ ಹೋಗು."

ಬಾಗಿಲಲ್ಲಿ ನಿಂತಿದ್ದ ನಾನು, ಕಣ್ಣು ಹೇಗಿದೆ ಎಂದು ಕೇಳಿದೆ. "ಇನ್ನೂ ಮುಗಿದಿಲ್ಲ" ಎಂದರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಜತೆ ಬಾಳುವುದು ಸುಲಭವಲ್ಲ, ಆವ್ರಿಲ್‌ಳನ್ನು ಕೇಳಿದರೆ ಗೊತ್ತಾಗುತ್ತದೆ. ಅವರ ಎದುರಿಗೆ ಆಡುವುದು ಇನ್ನೂ ಕಷ್ಟ. ಸಲಿಗೆ ಕೊಡುವುದಿಲ್ಲ, ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ. ಅವರ ಹೆಸರು ಫಲಕ ಏರುತ್ತದೋ ಇಲ್ಲವೋ ಬಲ್ಲವರಾರು. ಆದರೆ ಲೋಕದ ಎಷ್ಟೋ ಗೆಲುವುಗಳನ್ನು ಸಂಶಯದಿಂದಲೇ ನೋಡಬೇಕಾದ ಈ ಕಾಲದಲ್ಲಿ, ಇವರನ್ನು ಸೋಲಿಸಿದವರಿಗೆ ಮಾತ್ರ ಆ ಸಂಶಯವಿಲ್ಲ. ತಾವು ನಿಜವಾಗಿಯೂ ಗೆದ್ದಿದ್ದೇವೆ ಎಂಬ ಭರವಸೆಯಿಂದ ತಮ್ಮ ಹೆಸರನ್ನು ತಾವೇ ಓದಿಕೊಳ್ಳಬಹುದು.